ಅಕ್ಕನ ‘ಸೂಪರ್’ ದುಡ್ಡು, ಭಾವನ ಸಹಿ

ಮಂಡಿ ಮೊಹಲ್ಲಾದ ನಮ್ಮ ಹಳೇ ಮನೆಯ ತಾರಸಿ ರಿಪೇರಿಗೆ ಎಂಟು ಲಕ್ಷ ಬೇಕಿತ್ತು. “ನಮ್ಮ ಫಂಡ್‌ನಿಂದಲೇ ಸಾಲ ಕೊಡ್ತೀವಪ್ಪ. ಬ್ಯಾಂಕಿಗೆ ಕಟ್ಟೋ ಬಡ್ಡಿ ನಮಗೇ ಕಟ್ಟು” ಅಂದ್ರು ಮೆಲ್ಬರ್ನ್‌ನಿಂದ ಭಾವ. ಕೇಳೋಕೆ ಚೆನ್ನಾಗೇ ಇತ್ತು. ಅವರ ಅಕೌಂಟೆಂಟ್ ಮಾತ್ರ ಖಡಾಖಂಡಿತವಾಗಿ ಬೇಡ ಅಂದ. ಕೊನೆಗೆ ನಾನು ಇಲ್ಲೇ ಬ್ಯಾಂಕ್ ಸಾಲ ಮಾಡಿದೆ. ಯಾಕೆ ಬೇಡ ಅಂತ ತಿಳಿದಾಗ ಎದೆ ಧಸಕ್ ಅಂತು.

ಆಸ್ಟ್ರೇಲಿಯಾದಲ್ಲಿ ಕೆಲಸ ಕೊಟ್ಟವರು ನಿಮ್ಮ ನಿವೃತ್ತಿಗೆಂದು ಕಟ್ಟುವ ಹಣಕ್ಕೆ ‘ಸೂಪರ್’ ಅಂತಾರೆ. 2025ರ ಜುಲೈ 1ರಿಂದ ಅದು ಸಂಬಳದ ಶೇ. 12. ಬಹಳಷ್ಟು ಜನರ ಹಣ ದೊಡ್ಡ ಫಂಡ್‌ಗಳಲ್ಲಿರುತ್ತದೆ. ಬೇಕಾದವರು ಗರಿಷ್ಠ ಆರು ಜನ ಸೇರಿ ತಮ್ಮದೇ ಫಂಡ್ ನಡೆಸಬಹುದು. ಅದೇ ಎಸ್‌ಎಂಎಸ್‌ಎಫ್, ಇಂಥವು ಅಲ್ಲಿ ಆರು ಲಕ್ಷಕ್ಕೂ ಹೆಚ್ಚಿವೆ. ಷೇರಿಗೆ ಹಾಕೋದೋ, ಕಟ್ಟಡ ಕೊಳ್ಳೋದೋ, ತೀರ್ಮಾನ ನಿಮ್ಮದೇ. ಆದರೆ ಸಾಮಾನ್ಯವಾಗಿ ಸದಸ್ಯರೆಲ್ಲ ಟ್ರಸ್ಟಿಗಳೂ ಆಗಬೇಕು. ತಪ್ಪಾದರೆ ದಂಡ ಅವರ ತಲೆಗೇ.

ದಂಡವನ್ನು ಯೂನಿಟ್ ಲೆಕ್ಕದಲ್ಲಿ ಹಾಕ್ತಾರೆ. 2024ರ ನವೆಂಬರ್ 7ರಿಂದ ಒಂದು ಯೂನಿಟ್‌ಗೆ 330 ಡಾಲರ್. ಹೊಸ ಟ್ರಸ್ಟಿ 21 ದಿನದೊಳಗೆ ಘೋಷಣಾಪತ್ರಕ್ಕೆ ಸಹಿ ಹಾಕದಿದ್ದರೆ 10 ಯೂನಿಟ್. ಸಂಬಂಧಿಕರಿಗೆ ಸಾಲ ಕೊಟ್ಟರೆ 60 ಯೂನಿಟ್, ಅಂದರೆ 19,800 ಡಾಲರ್. ಅಕ್ಕ, ಭಾವ ಇಬ್ಬರೂ ವೈಯಕ್ತಿಕವಾಗಿ ಟ್ರಸ್ಟಿಗಳಾದ್ದರಿಂದ ಇಬ್ಬರಿಗೂ ಬೇರೆ ಬೇರೆ ದಂಡ: ಒಟ್ಟು 39,600. ನಮ್ಮ ದುಡ್ಡಲ್ಲಿ ಇಪ್ಪತ್ತು ಲಕ್ಷದ ಮೇಲಾಯ್ತು! ಅದನ್ನು ಫಂಡ್‌ನಿಂದ ತೆಗೆದು ಕಟ್ಟುವಂತಿಲ್ಲ, ಸ್ವಂತ ಜೇಬಿಂದಲೇ ಕಟ್ಟಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಅಕ್ಕನ ಪಾಡು. ಭಾವ ತೋರಿಸಿದ ಕಡೆ ಸಹಿ ಹಾಕಿದವಳು ಅವಳು. “ನಾನು ಲೆಕ್ಕ ನೋಡೇ ಇಲ್ಲ” ಅಂದರೆ ಅಲ್ಲಿನ ತೆರಿಗೆ ಇಲಾಖೆ ಸುಮ್ಮನೆ ಬಿಡೋದಿಲ್ಲ. ದಂಡ ಕಮ್ಮಿ ಮಾಡಿ ಅಂತ ಕೇಳಿಕೊಳ್ಳಬಹುದು, ಅಷ್ಟೇ. ಟ್ರಸ್ಟಿಯಾಗಿ ಒಂದು ಕಂಪನಿಯನ್ನೇ ಇಟ್ಟು, ಇಬ್ಬರೂ ಅದರ ಡೈರೆಕ್ಟರ್ ಆಗಿದ್ದರೆ ಒಂದು ತಪ್ಪಿಗೆ ಒಂದೇ ದಂಡ. ಅದಕ್ಕೆ ಇಬ್ಬರೂ ಜವಾಬ್ದಾರರು. ಕಂಪನಿ ಖರ್ಚು ಉಳಿಸೋಕೆ ಹೋಗಿ ಇದನ್ನು ಬಿಡೋದು ಜಾಣತನ ಅಂತ ನನಗನ್ನಿಸಲ್ಲ.

ಅವರದೇ ದುಡ್ಡಲ್ವಾ ಅಂತ ನಾನೂ ಕೇಳಿದೆ. ಮನೆ ಕಟ್ಟೋಕೆ ಪಿಎಫ್‌ನಿಂದ ಮುಂಗಡ ತೆಗೆಯೋದನ್ನು ನೋಡಿ ಬೆಳೆದವರು ನಾವು. ಅಲ್ಲಿ ಸಾಮಾನ್ಯವಾಗಿ 60 ತುಂಬಿ ನಿವೃತ್ತಿಯಾಗೋವರೆಗೆ ಸೂಪರ್ ಹಣ ಮುಟ್ಟುವಂತಿಲ್ಲ. ಸಂಬಂಧಿಕರ ಪಟ್ಟಿಯೂ ಸಣ್ಣದಲ್ಲ: ಅಪ್ಪ-ಅಮ್ಮ, ಒಡಹುಟ್ಟಿದವರು, ಚಿಕ್ಕಪ್ಪ, ಸೋದರಮಾವ, ಅವರ ಗಂಡ-ಹೆಂಡಿರೂ ಸೇರ್ತಾರೆ. ಬಡ್ಡಿ ಕೊಟ್ಟರೂ, ಪತ್ರ ಬರೆಸಿಕೊಂಡರೂ ನಿಷೇಧವೇ. (ಈ ಕಾನೂನು ನಮ್ಮ ಮೊಹಲ್ಲಾಕ್ಕೆ ಬಂದರೆ ಮಾವನ ಕೈಗಡ ನಂಬಿದ ಎಷ್ಟು ಅಂಗಡಿ ಬಾಗಿಲು ಹಾಕಬೇಕೋ!) ಮುಚ್ಚಿಡೋಣ ಅಂದರೆ ಪ್ರತಿವರ್ಷ ಹೊರಗಿನ ಆಡಿಟರ್ ಲೆಕ್ಕ ನೋಡ್ತಾರೆ, ಗಂಭೀರ ತಪ್ಪು ಕಂಡರೆ ಇಲಾಖೆಗೆ ತಿಳಿಸಲೇಬೇಕು. ತೀರಾ ಕೆಟ್ಟರೆ ಫಂಡ್‌ನ ಮಾನ್ಯತೆ ಹೋಗಿ, ಆಸ್ತಿಯ ಬಹುಪಾಲಿನ ಮೇಲೆ ಶೇ. 45 ತೆರಿಗೆ ಬೀಳುತ್ತೆ.

ಭಾವನಿಗೆ ಮೈಸೂರಿಗೆ ವಾಪಸಾಗೋ ಆಸೆ. ಅಲ್ಲೂ ಒಂದು ತೊಡಕಿದೆ. ಫಂಡ್‌ನ ಆಡಳಿತ ಆಸ್ಟ್ರೇಲಿಯಾದಲ್ಲೇ ಇರಬೇಕು. ತಾತ್ಕಾಲಿಕವಾಗಿ ಹೊರಗಿರೋಕೆ ಎರಡು ವರ್ಷ ರಿಯಾಯಿತಿ. ಕಾಯಂ ಆಗಿ ಇಲ್ಲಿ ಬಂದು ಕೂತು ಫೋನಲ್ಲೇ ಫಂಡ್ ನಡೆಸ್ತೀನಿ ಅಂದರೆ ಮಾನ್ಯತೆಗೇ ಕುತ್ತು. ಹೊರಡುವ ಮುಂಚೆ ಹಣವನ್ನು ದೊಡ್ಡ ಫಂಡ್‌ಗೆ ವರ್ಗಾಯಿಸಿ ಇದನ್ನು ಮುಚ್ಚಬಹುದು, ಇಲ್ಲವೇ ಅಲ್ಲೇ ಇರುವ ನಂಬಿಕಸ್ಥರಿಗೆ ಪವರ್ ಆಫ್ ಅಟಾರ್ನಿ ಕೊಟ್ಟು ತಮ್ಮ ಬದಲು ಟ್ರಸ್ಟಿ ಮಾಡಬಹುದು. ಅಕ್ಕ ಈಗ ಪ್ರತಿ ಕಾಗದವನ್ನೂ ಓದಿಯೇ ಸಹಿ ಹಾಕ್ತಾಳೆ.