ಹಳೆಯ ಅವಳಿ ಎಂಜಿನ್ ವಿಮಾನದ ವಿಮೆ: ನಮ್ಮ ಉದ್ದಿಮೆದಾರರಿಗೂ ಒಂದು ಪಾಠ

ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಹಾರಾಟ ತರಬೇತಿ ಸಂಸ್ಥೆಗಳಿಗೆ ಅವಕಾಶ ಕಲ್ಪಿಸಲು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು 2021ರಲ್ಲಿ ಕ್ರಮ ಕೈಗೊಂಡ ನಂತರ ಬೆಳಗಾವಿಯ ಆಕಾಶದಲ್ಲಿ ಸಣ್ಣ ವಿಮಾನಗಳು ಹಾರಾಡತೊಡಗಿದವು. 2023ರ ಮೇ 30ರಂದು ಅಂತಹ ಒಂದು ವಿಮಾನ ಹೊನ್ನಿಹಾಳದ ಬಳಿ ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಡನೆ ಪಾರಾದರು. ಇಂತಹ ವಿಮಾನಗಳಿಗೆ, ಅದರಲ್ಲೂ ಹಳೆಯ ಅವಳಿ ಎಂಜಿನ್ ವಿಮಾನಗಳಿಗೆ, ವಿಮೆ ಇಳಿಸುವ ಬಗೆಯನ್ನು ಅರಿತರೆ ಬೆಲ್ಲದ ಬಾಗೇವಾಡಿಯ ಗಾಣದ ಮಾಲೀಕರಿಗೂ ಪ್ರಯೋಜನವುಂಟು.

ವಿಮಾ ಕಂಪನಿಯ ಹಿಂಜರಿಕೆ ಏಕೆ?

1971ರಲ್ಲಿ ಮಾರುಕಟ್ಟೆಗೆ ಬಂದ ಪೈಪರ್ ಸೆನೆಕಾದಂತಹ ವಿಮಾನದ ಚಕ್ರಗಳು ಹಾರಾಟದಲ್ಲಿ ಒಳಗೆ ಮಡಚಿಕೊಳ್ಳುತ್ತವೆ. ಕಲಿಯುವವನು ಅವುಗಳನ್ನು ಹೊರತೆಗೆಯಲು ಮರೆತು ಇಳಿಸಿದರೆ ಎರಡೂ ಪ್ರೊಪೆಲ್ಲರ್‌ಗಳು ನೆಲಕ್ಕೆ ಬಡಿಯುತ್ತವೆ. ಆಗ ಎರಡೂ ಎಂಜಿನ್‌ಗಳನ್ನು ಬಿಚ್ಚಿ ಪರೀಕ್ಷಿಸಬೇಕು. ಹಳೆಯ ವಿಮಾನದಲ್ಲಿ ಈ ವೆಚ್ಚವೇ ವಿಮಾನದ ಬೆಲೆಯನ್ನು ಮೀರಬಹುದು. ಮೇಲಾಗಿ, ಒಂದು ಎಂಜಿನ್ ನಿಂತರೆ ವಿಮಾನ ಒಂದು ಬದಿಗೆ ಎಳೆಯುತ್ತದೆ. ವೇಗ ಕಡಿಮೆಯಿದ್ದರೆ ಹತೋಟಿ ತಪ್ಪುತ್ತದೆ. ತರಬೇತಿಯಲ್ಲಿ ಈ ಸ್ಥಿತಿಯನ್ನೇ ಅಭ್ಯಾಸ ಮಾಡಿಸುವುದರಿಂದ ಅಪಾಯ ಹೆಚ್ಚು.

ಉಪಯೋಗ ಮತ್ತು ಚಾಲಕ

ಸ್ವಂತ ಉಪಯೋಗಕ್ಕೆಂದು ಪಡೆದ ಪಾಲಿಸಿಯು ತರಬೇತಿಗೆ ಅಥವಾ ಬಾಡಿಗೆಗೆ ಅನ್ವಯಿಸುವುದಿಲ್ಲ. ಯಾರು ಹಾರಿಸಬಹುದು, ಅವರಿಗೆ ಎಷ್ಟು ಗಂಟೆಗಳ ಅನುಭವವಿರಬೇಕು ಎಂಬುದೂ ಪಾಲಿಸಿಯಲ್ಲಿಯೇ ನಮೂದಾಗಿರುತ್ತದೆ. ಷರತ್ತು ಮೀರಿದರೆ ಪರಿಹಾರ ಕೈತಪ್ಪೀತು. ವಿಮಾನದ ಹಾನಿಗೆ ಒಂದು ರಕ್ಷಣೆ, ಮೂರನೆಯವರ ಪ್ರಾಣ ಮತ್ತು ಆಸ್ತಿಯ ಹೊಣೆಗೆ ಮತ್ತೊಂದು ರಕ್ಷಣೆ ಬೇಕಾಗುತ್ತದೆ.

ಮೌಲ್ಯ ಎಷ್ಟೆಂದು ನಮೂದಿಸಬೇಕು?

ವಿಮಾನದ ವಿಮೆಯಲ್ಲಿ ಸಾಮಾನ್ಯವಾಗಿ ಮೌಲ್ಯವನ್ನು ಮೊದಲೇ ಒಪ್ಪಿಕೊಳ್ಳಲಾಗುತ್ತದೆ. ಪ್ರೀಮಿಯಂ ಉಳಿಸಲು 1 ಕೋಟಿ ರೂ. ಬೆಲೆಯ ವಿಮಾನವನ್ನು 60 ಲಕ್ಷಕ್ಕೆ ಇಳಿಸಿದರೆ, 55 ಲಕ್ಷ ರೂ. ದುರಸ್ತಿ ವೆಚ್ಚ ಬಂದಾಗ ಕಂಪನಿಯು ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸಿ 60 ಲಕ್ಷ ಕೊಟ್ಟು ವಿಮಾನವನ್ನು ತಾನೇ ಪಡೆಯಬಹುದು. ಆ ಹಣದಿಂದ ಮಾಲೀಕನಿಗೆ ಅಂತಹುದೇ ಇನ್ನೊಂದು ವಿಮಾನ ದೊರೆಯದು.

ಲೆಕ್ಕಪುಸ್ತಕದ ಬೆಲೆಯನ್ನು ನಂಬುವುದು ಇನ್ನೂ ಅಪಾಯಕರ. ಆದಾಯ ತೆರಿಗೆಯ 1962ರ ನಿಯಮಗಳಲ್ಲಿ ವಿಮಾನದ ಸವಕಳಿ ದರ ಶೇ. 40. ಅದರಂತೆ 1 ಕೋಟಿಯ ವಿಮಾನ ಐದು ವರ್ಷಗಳಲ್ಲಿ ಪುಸ್ತಕದಲ್ಲಿ ಸುಮಾರು 7.78 ಲಕ್ಷಕ್ಕೆ ಇಳಿಯುತ್ತದೆ. ಅದು ತೆರಿಗೆಯ ಲೆಕ್ಕವೇ ಹೊರತು ಪೇಟೆಯ ಬೆಲೆಯಲ್ಲ.

ಜಿಎಸ್‌ಟಿ

ಹಾರಾಟ ತರಬೇತಿಗೆ ಬಳಸುವ ವಿಮಾನದ ವಿಮೆಯ ಮೇಲಿನ ತೆರಿಗೆಗೆ ಹೂಡುವಳಿ ತೆರಿಗೆ ಜಮೆಯನ್ನು ಕಲಂ 17(5) ತಡೆಯುವುದಿಲ್ಲ. ಆದರೆ ಡಿಜಿಸಿಎ ಅನುಮೋದಿತ ತರಬೇತಿಗೆ ವಿನಾಯಿತಿಯಿದೆಯೆಂದು 2024ರಲ್ಲಿ ಸ್ಪಷ್ಟೀಕರಣ ಬಂದಿರುವುದರಿಂದ, ಆ ಮಟ್ಟಿಗೆ ಜಮೆ ದೊರೆಯದೆ ತೆರಿಗೆಯೂ ವೆಚ್ಚವೇ ಆಗುತ್ತದೆ.

ನಮ್ಮ ಯಂತ್ರಗಳ ಮಾತು

ಗಾಣ, ಮಗ್ಗ, ಹಿಟ್ಟಿನ ಗಿರಣಿಗಳ ಬೆಂಕಿ ವಿಮೆಯಲ್ಲಿ ಮೌಲ್ಯ ಕಡಿಮೆ ತೋರಿಸಿದರೆ ಪ್ರಮಾಣಾನುಸಾರ ಕಡಿತವಾಗುತ್ತದೆ. 10 ಲಕ್ಷದ ಯಂತ್ರವನ್ನು 6 ಲಕ್ಷಕ್ಕೆ ಇಳಿಸಿ 2 ಲಕ್ಷ ಹಾನಿಯಾದರೆ ದೊರೆಯುವುದು 1.20 ಲಕ್ಷ ಮಾತ್ರ. 5 ಕೋಟಿ ರೂ. ವರೆಗಿನ ಆಸ್ತಿಗೆಂದು 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿಯಲ್ಲಿ ಶೇ. 15ರ ವರೆಗಿನ ಕೊರತೆಯನ್ನು ಮನ್ನಿಸಲಾಗುತ್ತದೆ, ಅದಕ್ಕಿಂತ ಹೆಚ್ಚಿನದನ್ನಲ್ಲ. ಯಂತ್ರ ತಾನಾಗಿ ಕೆಟ್ಟು ನಿಂತರೆ ಬೆಂಕಿ ವಿಮೆ ನೆರವಾಗದು. ಅದಕ್ಕೆ ಪ್ರತ್ಯೇಕ ಪಾಲಿಸಿ ಬೇಕು.

ಆದ್ದರಿಂದ ಸದಸ್ಯರು ನವೀಕರಣಕ್ಕೆ ಮೊದಲು ಹಳೆಯ ಯಂತ್ರದ ಇಂದಿನ ಬೆಲೆಯನ್ನು ಮಾರಾಟಗಾರರಿಂದ ಬರಹದಲ್ಲಿ ಪಡೆಯಬೇಕು. ಯಂತ್ರವನ್ನು ಬಾಡಿಗೆಗೆ ಕೊಡುತ್ತಿದ್ದರೆ ತಿಳಿಸಬೇಕು. ಹಿಂದಿನ ಹಾನಿಗಳನ್ನು ಮುಚ್ಚಿಡಬಾರದು. ಉಳಿಸಿದ ಪ್ರೀಮಿಯಂ ಕೆಲವು ಸಾವಿರ; ಕಳೆದುಕೊಳ್ಳುವುದು ಇಡೀ ಉದ್ದಿಮೆ.