ಯಾವ ‘ಸಂಸ್ಕಾರ’ದ ತಾರೀಕು?

ಸ್ಟೀಫನ್ ಕಿಂಗ್ ಹುಟ್ಟಿದ್ದು 1947ರಲ್ಲಿ. ಅವರ ‘ಕ್ರಿಸ್ಟೀನ್’ ಕಾದಂಬರಿ ಹೊರಬಂದದ್ದು 1983ರಲ್ಲಿ. ಆದರೆ 2009ರಲ್ಲಿ ಗೂಗಲ್ ಬುಕ್ಸ್‌ನಲ್ಲಿ ಹುಡುಕಿದವರಿಗೆ ಅದು 1899ರ ಪುಸ್ತಕವಾಗಿ ಕಾಣಿಸುತ್ತಿತ್ತು. ಲೇಖಕ ಹುಟ್ಟುವ 48 ವರ್ಷ ಮೊದಲೇ ಪುಸ್ತಕ! ರೇಮಂಡ್ ಚಾಂಡ್ಲರ್‌ನ ಪತ್ತೇದಾರಿ ಕಥೆಗಳಿಗೂ ಅದೇ ವರ್ಷದ ಮುದ್ರೆ ಬಿದ್ದಿತ್ತು. ಅಮೆರಿಕದ ಭಾಷಾವಿಜ್ಞಾನಿ ಜೆಫ್ರಿ ನನ್‌ಬರ್ಗ್ ಇಂಥವನ್ನೆಲ್ಲ ಪಟ್ಟಿಮಾಡಿ ಬರೆದಾಗ, 1899 ಜಗತ್ತಿನ ಸಾಹಿತ್ಯಕ್ಕೆ ಸುಗ್ಗಿಯ ವರ್ಷವಾಗಿತ್ತೇನೋ ಎನ್ನಿಸುವಂತಿತ್ತು.

ಗೂಗಲ್ ಕೊಟ್ಟ ವಿವರಣೆ ತಪ್ಪಿಗಿಂತ ಸ್ವಾರಸ್ಯಕರ. ಬ್ರೆಜಿಲ್‌ನ ಒಂದು ಮೂಲದಿಂದ ಪುಸ್ತಕಗಳ ಮಾಹಿತಿಯನ್ನು ಸಗಟಾಗಿ ತರಿಸಿಕೊಳ್ಳಲಾಗಿತ್ತು. ಪ್ರಕಟಣೆಯ ವರ್ಷ ಗೊತ್ತಿಲ್ಲದ ಕಡೆಯಲ್ಲೆಲ್ಲ 1899 ಎಂದು ತುಂಬಿಸುವುದು ಅಲ್ಲಿನವರ ರೂಢಿ. ಅವರ ಮಟ್ಟಿಗೆ ಅದು ‘ಗೊತ್ತಿಲ್ಲ’ ಎಂಬುದರ ಗುರುತು. ಆ ರೂಢಿಯ ಸುಳಿವೇ ಇಲ್ಲದ ಗೂಗಲ್‌ನ ಯಂತ್ರಕ್ಕೆ 1899 ಎಂದರೆ 1899. ಅಂಕಿ ಒಂದು ಊರಿನಿಂದ ಇನ್ನೊಂದು ಊರಿಗೆ ಸುರಕ್ಷಿತವಾಗಿ ತಲುಪಿತು, ಅರ್ಥ ಮಾತ್ರ ದಾರಿಯಲ್ಲೇ ಉದುರಿಹೋಯಿತು.

ಪುಸ್ತಕ, ಚಿತ್ರ, ಧ್ವನಿಮುದ್ರಣ, ನಕ್ಷೆ, ಯಾವುದೇ ಇರಲಿ, ಅದರ ಬಗ್ಗೆ ಬರೆದಿಟ್ಟ ಮಾಹಿತಿಯೇ ಮೆಟಾಡೇಟಾ. ಹೆಸರು ಹೊಸದು, ಕೆಲಸ ಹಳೆಯದು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಆಂಟೋನಿಯೊ ಪನೀಜಿ ಪುಸ್ತಕಗಳ ಕ್ಯಾಟಲಾಗ್ ಬರೆಯಲು 91 ನಿಯಮಗಳನ್ನು ಪ್ರಕಟಿಸಿದ್ದು 1841ರಲ್ಲಿ. ಆ ಕಾಲದ ಕ್ಯಾಟಲಾಗನ್ನು ಓದುತ್ತಿದ್ದವರು ಮನುಷ್ಯರು. ಬರೆದವರು ಬಿಟ್ಟದ್ದನ್ನು ಓದುವವರು ಊಹಿಸಿ ತುಂಬಿಕೊಳ್ಳುತ್ತಿದ್ದರು, ಅನುಮಾನ ಬಂದರೆ ಕಪಾಟಿನಿಂದ ಪುಸ್ತಕ ತೆಗೆದು ನೋಡುತ್ತಿದ್ದರು. ಸಾವಿರಾರು ಸಂಸ್ಥೆಗಳ ಕಂಪ್ಯೂಟರುಗಳು ಪರಸ್ಪರ ಮಾಹಿತಿ ಕೊಟ್ಟು ತೆಗೆದುಕೊಳ್ಳುವಾಗ ಈ ಸೌಲಭ್ಯ ಇಲ್ಲ. ಅಲ್ಲಿ ಊಹೆಗೆ ಬಿಟ್ಟದ್ದೆಲ್ಲ ಒಂದಲ್ಲ ಒಂದು ದಿನ 1899 ಆಗುತ್ತದೆ.

ಜಾಲತಾಣಗಳ ಸಂಖ್ಯೆ ದಿನೇ ದಿನೇ ಏರುತ್ತಿದ್ದ 1995ರ ಮಾರ್ಚ್‌ನಲ್ಲಿ 52 ಮಂದಿ ಡಬ್ಲಿನ್ನಿನಲ್ಲಿ ಸೇರಿದರು. ಐರ್ಲೆಂಡಿನ ಡಬ್ಲಿನ್ ಅಲ್ಲ, ಅಮೆರಿಕದ ಓಹಾಯೊ ರಾಜ್ಯದ ಪುಟ್ಟ ಡಬ್ಲಿನ್. ಗ್ರಂಥಾಲಯಗಳ ಒಕ್ಕೂಟವಾದ ಒಸಿಎಲ್‌ಸಿಯ ಕಚೇರಿ ಇರುವ ಊರು. ಗ್ರಂಥಪಾಲಕರೂ ಕಂಪ್ಯೂಟರ್ ತಜ್ಞರೂ ಒಂದೇ ಮೇಜಿನ ಸುತ್ತ ಕೂತು ಕೇಳಿಕೊಂಡದ್ದು ಇಷ್ಟೇ: ಗ್ರಂಥಾಲಯ ವಿಜ್ಞಾನ ಓದದವರೂ ತಮ್ಮ ಕಡತವನ್ನು ತಾವೇ ವಿವರಿಸಲು ಕನಿಷ್ಠ ಏನು ಬೇಕು? ಮೊದಲು 13 ಅಂಶಗಳ ಪಟ್ಟಿ ಸಿದ್ಧವಾಯಿತು, ಮರುವರ್ಷ ಅದು 15 ಆಯಿತು. ಶೀರ್ಷಿಕೆ, ಕರ್ತೃ, ವಿಷಯ, ಪ್ರಕಾಶಕ, ದಿನಾಂಕ, ಭಾಷೆ, ಹಕ್ಕು, ಹೀಗೆ. ಯಾವುದೂ ಕಡ್ಡಾಯವಲ್ಲ, ಯಾವುದನ್ನು ಎಷ್ಟು ಸಲ ಬೇಕಾದರೂ ಬರೆಯಬಹುದು, ಕ್ರಮದ ಹಂಗಿಲ್ಲ. ‘ಡಬ್ಲಿನ್ ಕೋರ್’ ಎಂದು ಹೆಸರಾದ ಈ ಪಟ್ಟಿ 2003ರಲ್ಲಿ ಐಎಸ್‌ಒ ಮಾನಕವೂ ಆಯಿತು.

ಅಂಚೆ ಕಾರ್ಡಿನ ಹಿಂಬದಿಯಲ್ಲಿ ಬರೆದು ಮುಗಿಸಬಹುದಾದಷ್ಟು ಸರಳ. ಈ ಸರಳತೆಯನ್ನು ನಮ್ಮದೇ ಒಂದು ಕೃತಿಗೆ ಒಡ್ಡಿ ನೋಡೋಣ.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ 1965ರದ್ದು. ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ಕನ್ನಡ ಚಲನಚಿತ್ರ 1970ರದ್ದು. ಎ.ಕೆ. ರಾಮಾನುಜನ್ ಮಾಡಿದ ಇಂಗ್ಲಿಷ್ ಅನುವಾದ 1976ರದ್ದು. ಇವೆಲ್ಲ ಸೇರಿದ ಒಂದು ಡಿಜಿಟಲ್ ಸಂಗ್ರಹವಿದೆ ಎಂದುಕೊಳ್ಳಿ. ಯಾರೋ ಶ್ರದ್ಧೆಯಿಂದ ಒಂದೇ ದಾಖಲೆಯಲ್ಲಿ ಎಲ್ಲವನ್ನೂ ತುಂಬಿದರು. ಶೀರ್ಷಿಕೆ: ಸಂಸ್ಕಾರ. ಕರ್ತೃ: ಅನಂತಮೂರ್ತಿ. ಕರ್ತೃ: ಪಟ್ಟಾಭಿರಾಮ ರೆಡ್ಡಿ. ಕರ್ತೃ: ರಾಮಾನುಜನ್. ದಿನಾಂಕ: 1965, 1970, 1976. ಭಾಷೆ: ಕನ್ನಡ, ಇಂಗ್ಲಿಷ್. ಒಂದೊಂದು ಮಾತೂ ನಿಜ, ಆದರೂ ದಾಖಲೆ ಕೆಲಸಕ್ಕೆ ಬಾರದು. ಯಾರು ಯಾವ ವರ್ಷ ಯಾವ ಭಾಷೆಯಲ್ಲಿ ಏನು ಮಾಡಿದರು ಎಂದು ಬಿಡಿಸಿಕೊಳ್ಳುವ ದಾರಿ ಯಂತ್ರಕ್ಕಿಲ್ಲ. ಕ್ರಮಕ್ಕೆ ಅರ್ಥವಿಲ್ಲವೆಂದು ನಿಯಮವೇ ಹೇಳಿರುವಾಗ, ಮೊದಲ ಹೆಸರಿಗೆ ಮೊದಲ ವರ್ಷ ಎಂದು ಜೋಡಿಸುವಂತೆಯೂ ಇಲ್ಲ. ಕಾದಂಬರಿ 1976ರಲ್ಲಿ ಇಂಗ್ಲಿಷಿನಲ್ಲಿ ಬಂತೆಂದೂ ಅನಂತಮೂರ್ತಿಯವರೇ ಚಿತ್ರ ನಿರ್ದೇಶಿಸಿದರೆಂದೂ ಓದಿಕೊಂಡರೆ ಯಂತ್ರದ ತಪ್ಪೇನೂ ಇಲ್ಲ.

ಡಬ್ಲಿನ್ ಕೋರ್ ಬಳಗದವರು ಇದೇ ತೊಡಕಿಗೆ ಮೊನಾಲಿಸಾಳ ಉದಾಹರಣೆ ಕೊಡುತ್ತಾರೆ. ಆ ವರ್ಣಚಿತ್ರದ ಡಿಜಿಟಲ್ ಫೋಟೋಗೆ ಕರ್ತೃ ಯಾರು, ಲಿಯೊನಾರ್ಡೊನೋ ಕ್ಯಾಮೆರಾ ಹಿಡಿದವನೋ? ಅವರು ಮಾಡಿಕೊಂಡ ತೀರ್ಮಾನ ಖಡಕ್ಕಾದದ್ದು: ಒಂದು ವಿವರಣೆ ಒಂದೇ ವಸ್ತುವಿನ ಬಗ್ಗೆ ಇರಬೇಕು. ವರ್ಣಚಿತ್ರಕ್ಕೊಂದು, ಫೋಟೋಗೊಂದು, ಎರಡರ ನಡುವೆ ಸಂಬಂಧ ಹೇಳುವ ಕೊಂಡಿ ಬೇರೆ. ಹೇಳಲು ಸುಲಭ, ಪಾಲಿಸುವವರು ಕಡಿಮೆ. ಇರುವ ಹದಿನೈದು ಖಾನೆಗಳನ್ನೇ ತುಂಬಲು ಬೇಸರಪಡುವ ಕಚೇರಿಗಳಲ್ಲಿ ಒಂದೊಂದು ಕಡತಕ್ಕೆ ಮೂರು ಮೂರು ವಿವರಣೆ ಬರೆಯುವವರು ಯಾರು?

1997ರಲ್ಲಿ ಕ್ಯಾನ್‌ಬೆರಾದಲ್ಲಿ ನಡೆದ ಕಾರ್ಯಾಗಾರದ ಹೊತ್ತಿಗೆ ಬಳಗ ಎರಡು ಪಾಳೆಯವಾಗಿತ್ತು. ಇದ್ದಷ್ಟೇ ಸಾಕು, ಇನ್ನಷ್ಟು ಸೇರಿಸಿದರೆ ಯಾರೂ ಬಳಸುವುದಿಲ್ಲ ಎಂದವರು ಒಂದು ಕಡೆ. ಒಳರಚನೆ ಇಲ್ಲದಿದ್ದರೆ ಬರೆದದ್ದಕ್ಕೆ ಅರ್ಥವೇ ಉಳಿಯುವುದಿಲ್ಲ ಎಂದವರು ಇನ್ನೊಂದು ಕಡೆ. ಈ ಜಗಳ ಪೂರ್ತಿ ಮುಗಿಯಿತೆಂದು ನನಗೇನೂ ಅನ್ನಿಸುವುದಿಲ್ಲ.

ಇನ್ನೊಂದು ತೊಂದರೆಯೂ ಬೆಳೆಯುತ್ತಿತ್ತು. ಅದೇ ಹದಿನೈದು ಅಂಶಗಳನ್ನು ಕೆಲವರು ಜಾಲಪುಟದ ತಲೆಭಾಗದಲ್ಲಿ ಎಚ್‌ಟಿಎಂಎಲ್ ಸಾಲುಗಳಾಗಿ ಬರೆಯುತ್ತಿದ್ದರು, ಕೆಲವರು ಎಕ್ಸ್‌ಎಂಎಲ್‌ನಲ್ಲಿ, ಮತ್ತೆ ಕೆಲವರು ಡೇಟಾಬೇಸಿನ ಕೋಷ್ಟಕದಲ್ಲಿ. ಬರೆಯುವ ವಿಧಾನ ಬೇರೆಯಾದಂತೆ ಅರ್ಥವೂ ಕೊಂಚ ಕೊಂಚ ಜರುಗುತ್ತಿತ್ತು. ಹಾಗಾದರೆ ಬರಹದ ರೂಪ ಯಾವುದೇ ಇರಲಿ, ಅದರ ಹಿಂದಿರುವ ಒಪ್ಪಂದ ಏನು? ಅದನ್ನು ಬರೆದಿಟ್ಟದ್ದು 2005ರಲ್ಲಿ, ‘ಡಬ್ಲಿನ್ ಕೋರ್ ಅಮೂರ್ತ ಮಾದರಿ’ ಎಂಬ ಹೆಸರಿನಲ್ಲಿ. 2007ರಲ್ಲಿ ಅದು ಪರಿಷ್ಕಾರಗೊಂಡಿತು. ಕಡತ ಹೇಗಿರಬೇಕು, ಆವರಣ ಚಿಹ್ನೆ ಎಲ್ಲಿರಬೇಕು ಎಂಬುದರ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಅದಕ್ಕೇ ಅದು ಅಮೂರ್ತ.

ಇಲ್ಲಿ ಬೆಂಗಳೂರಿನ ನೆನಪು ಬರಲೇಬೇಕು. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1962ರಲ್ಲಿ ಇಲ್ಲಿ ಡಿಆರ್‌ಟಿಸಿ, ಅಂದರೆ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಪುಸ್ತಕ ವರ್ಗೀಕರಣದ ಕೆಲಸ ಮೂರು ನೆಲೆಗಳಲ್ಲಿ ನಡೆಯುತ್ತದೆ ಎಂಬುದು ಅವರ ವಾದ: ವಿಚಾರದ ನೆಲೆ, ಮಾತಿನ ನೆಲೆ, ಸಂಕೇತದ ನೆಲೆ. ವಿಚಾರದ ನೆಲೆಯಲ್ಲಿ ತೀರ್ಮಾನವಾಗಬೇಕಾದದ್ದನ್ನು ಸಂಕೇತದ ಅನುಕೂಲಕ್ಕೆ ಬಗ್ಗಿಸಬಾರದು, ಮೊದಲ ನೆಲೆಯೇ ಯಜಮಾನ ಎಂದು ಅವರು ಒತ್ತಿ ಹೇಳಿದ್ದರು. ಕಂಪ್ಯೂಟರ್ ಜಗತ್ತು ದಶಕಗಳ ನಂತರ ಸುತ್ತು ಹಾಕಿ ಬಂದು ನಿಂತದ್ದು ಹೆಚ್ಚು ಕಡಿಮೆ ಇದೇ ಜಾಗದಲ್ಲಿ.

ಮಾದರಿಯ ಒಳಗೆ ಇರುವ ಸಾಮಗ್ರಿ ಸ್ವಲ್ಪವೇ. ‘ಹೇಳಿಕೆ’ ಅತಿ ಚಿಕ್ಕ ಘಟಕ, ಅದರಲ್ಲಿ ಒಂದು ಗುಣ ಮತ್ತು ಅದರ ಬೆಲೆ ಇರುತ್ತವೆ. ಭಾಷೆ ಗುಣವಾದರೆ ಕನ್ನಡ ಅದರ ಬೆಲೆ. ಒಂದೇ ವಸ್ತುವಿನ ಬಗೆಗಿನ ಹೇಳಿಕೆಗಳೆಲ್ಲ ಕೂಡಿ ಒಂದು ವಿವರಣೆ. ಪರಸ್ಪರ ಕೊಂಡಿಯಿರುವ ವಿವರಣೆಗಳನ್ನು ಒಟ್ಟಿಗೆ ಕಳಿಸಬೇಕಾದಾಗ ಅವುಗಳ ಗುಚ್ಛ. ‘ಸಂಸ್ಕಾರ’ದ ಗಂಟು ಇಲ್ಲಿ ಬಿಚ್ಚಿಕೊಳ್ಳುತ್ತದೆ. ಕಾದಂಬರಿ, ಚಿತ್ರ, ಅನುವಾದ, ಮೂರಕ್ಕೂ ಬೇರೆ ಬೇರೆ ವಿವರಣೆ, ಆದರೆ ಒಂದೇ ಗುಚ್ಛ. ಅನುವಾದದ ವಿವರಣೆಯಲ್ಲಿ ‘ಇದು ಅದರ ರೂಪಾಂತರ’ ಎಂಬ ಹೇಳಿಕೆ ಕಾದಂಬರಿಯತ್ತ ಬೆರಳು ತೋರಿಸುತ್ತದೆ.

ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟ ಇಫ್ಲಾ 1998ರಲ್ಲೇ ಇನ್ನೂ ಸೂಕ್ಷ್ಮವಾದ ಏಣಿಯೊಂದನ್ನು ಕೊಟ್ಟಿತ್ತು: ಕೃತಿ, ಅದರ ಅಭಿವ್ಯಕ್ತಿ, ಅದರ ಪ್ರಕಟಿತ ರೂಪ, ಕೈಯಲ್ಲಿರುವ ಪ್ರತಿ. ಕನ್ನಡ ಪಠ್ಯವೂ ರಾಮಾನುಜನ್ನರ ಇಂಗ್ಲಿಷ್ ಪಠ್ಯವೂ ಒಂದೇ ಕೃತಿಯ ಎರಡು ಅಭಿವ್ಯಕ್ತಿಗಳು, ಚಲನಚಿತ್ರ ಮಾತ್ರ ಬೇರೆಯದೇ ಕೃತಿ. ಏಣಿ ಚೆನ್ನಾಗಿದೆ. ಆದರೆ ಕುಮಾರವ್ಯಾಸನ ಭಾರತವನ್ನು ಎಲ್ಲಿ ಕೂರಿಸುತ್ತೀರಿ? ವ್ಯಾಸರ ಕೃತಿಯ ಕನ್ನಡ ಅಭಿವ್ಯಕ್ತಿ ಎಂದು ಬರೆದ ಕ್ಯಾಟಲಾಗುಗಾರ ಗದುಗಿನ ಕಡೆ ತಲೆಹಾಕದಿರುವುದು ಕ್ಷೇಮ.

ಇನ್ನು ಬೆಲೆಯ ವಿಚಾರ. ಇಡೀ ಮಾದರಿಯಲ್ಲಿ ನನಗೆ ಹೆಚ್ಚು ಹಿಡಿಸುವ ಭಾಗ ಇದು. ಬೆಲೆಯಲ್ಲಿ ಎರಡು ಜಾತಿ: ಬರೀ ಅಕ್ಷರಗಳ ಸಾಲು ಒಂದು, ಲೋಕದಲ್ಲಿರುವ ವಸ್ತುವೋ ವ್ಯಕ್ತಿಯೋ ಪರಿಕಲ್ಪನೆಯೋ ಇನ್ನೊಂದು. ಪುಸ್ತಕದ ಶೀರ್ಷಿಕೆ ಅಕ್ಷರಗಳ ಸಾಲೇ, ಅದರ ಹಿಂದೆ ಇನ್ನೇನೂ ಇಲ್ಲ. ಕರ್ತೃ ಹಾಗಲ್ಲ, ಜೀವವಿದ್ದ ಮನುಷ್ಯ. 1922ರಲ್ಲಿ ಬಂದ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನಗಳ ಪುಸ್ತಕದ ಕವಿ ಕೆ.ವಿ. ಪುಟ್ಟಪ್ಪ, ‘ಶ್ರೀ ರಾಮಾಯಣ ದರ್ಶನಂ’ನ ಕವಿ ಕುವೆಂಪು. ಕರ್ತೃವಿನ ಖಾನೆಯಲ್ಲಿ ಅಕ್ಷರಗಳಷ್ಟೇ ಇದ್ದರೆ ಯಂತ್ರದ ಕಣ್ಣಿಗೆ ಇವರು ಇಬ್ಬರು. ಬೇಂದ್ರೆ ಮತ್ತು ಅಂಬಿಕಾತನಯದತ್ತರೂ ಇಬ್ಬರು, ಮಾಸ್ತಿ ಮತ್ತು ಶ್ರೀನಿವಾಸರೂ ಇಬ್ಬರು. ರೋಮನ್ ಲಿಪಿಗೆ ಇಳಿಸುವಾಗ ಒಬ್ಬೊಬ್ಬರು ಒಂದೊಂದು ಕಾಗುಣಿತ ಬಳಸುವುದರಿಂದ ಇಬ್ಬರು ಆರು ಮಂದಿಯಾಗುವುದೂ ಉಂಟು. ವ್ಯಕ್ತಿಗೇ ಒಂದು ಸ್ಥಿರವಾದ ಗುರುತು ಕೊಟ್ಟು, ಹೆಸರುಗಳನ್ನೆಲ್ಲ ಆ ಗುರುತಿನ ಕೆಳಗೆ ಕಟ್ಟಿದರೆ ಈ ಗೊಂದಲವಿಲ್ಲ.

ಅಕ್ಷರಗಳ ಸಾಲನ್ನು ಹೇಗೆ ಓದಬೇಕೆಂದು ತಿಳಿಸುವ ಏರ್ಪಾಡೂ ಮಾದರಿಯಲ್ಲಿದೆ. 05-06-1965 ಎಂದರೆ ನಮಗೆ ಜೂನ್ ಐದು, ಅಮೆರಿಕದವರಿಗೆ ಮೇ ಆರು. ದಿನಾಂಕದ ಜೊತೆಗೆ ಅದು ಯಾವ ನಿಯಮದಂತೆ ಬರೆದದ್ದು ಎಂಬ ಚೀಟಿಯೂ ಅಂಟಿರಬೇಕು. ವಿಷಯಸೂಚಕ ಪದಕ್ಕೂ ಹಾಗೆಯೇ, ಅದು ಯಾವ ಪದಪಟ್ಟಿಯಿಂದ ಬಂದದ್ದೆಂದು ಹೇಳಬೇಕು.

ಈ ಹೊತ್ತಿಗೆ ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 1999ರಲ್ಲೇ ಆರ್‌ಡಿಎಫ್ ಎಂಬ ಮಾನಕವನ್ನು ತಂದಿತ್ತು. ಯಾವುದೇ ಮಾಹಿತಿಯನ್ನು ಮೂರು ತುಂಡುಗಳ ವಾಕ್ಯವಾಗಿ ಮುರಿಯುವುದು ಅದರ ತತ್ವ: ಯಾವುದರ ಬಗ್ಗೆ, ಯಾವ ಗುಣ, ಯಾವ ಬೆಲೆ. ಡಬ್ಲಿನ್ ಕೋರ್ ಮಾದರಿ ಇದಕ್ಕೆ ಹತ್ತಿರದ ನೆಂಟ. 2008ರಲ್ಲಿ ಡಬ್ಲಿನ್ ಕೋರ್‌ನವರು ಹದಿನೈದು ಗುಣಗಳ ಹೊಸ ಕಟ್ಟು ತಂದು, ಕರ್ತೃವಿನ ಬೆಲೆ ಬರೀ ಹೆಸರಾಗಿರಕೂಡದು, ವ್ಯಕ್ತಿ ಅಥವಾ ಸಂಸ್ಥೆಯೇ ಆಗಿರಬೇಕೆಂದು ವಿಧಿಸಿದರು. ಹಳೆಯ ಸಡಿಲ ಕಟ್ಟನ್ನೂ ಹಾಗೆಯೇ ಉಳಿಸಿಕೊಂಡರು. ಜನ ಇವತ್ತಿಗೂ ಎರಡನ್ನೂ ಕಲಬೆರಕೆ ಮಾಡಿ ಬಳಸುತ್ತಾರೆ.

ನಿಜ ಹೇಳಬೇಕೆಂದರೆ ಅಮೂರ್ತ ಮಾದರಿಯ ದಸ್ತಾವೇಜನ್ನು ಓದಿದವರು ಕಡಿಮೆ. ಅದರ ಭಾಷೆ ಒಣ, ಪರಿಭಾಷೆ ಜಿಡುಕು, ಆರ್‌ಡಿಎಫ್ ಇರುವಾಗ ಇದೇಕೆ ಎಂಬ ಪ್ರಶ್ನೆಗೆ ನೇರ ಉತ್ತರ ಕೊಡುವುದೂ ಕಷ್ಟ. ಆದರೆ ಅದು ಎತ್ತಿದ ಪ್ರಶ್ನೆಗಳು ಬೇರೆ ಮನೆಗಳಲ್ಲಿ ಬದುಕಿಕೊಂಡವು. 2012ರಲ್ಲಿ ಶುರುವಾದ ವಿಕಿಡೇಟಾದಲ್ಲಿ ಪ್ರತಿಯೊಂದು ವಸ್ತುವಿಗೂ ಕ್ಯೂ ಅಕ್ಷರದಿಂದ ಆರಂಭವಾಗುವ ಒಂದು ಸಂಖ್ಯೆಯಿದೆ. ಅಲ್ಲಿ ‘ಲೇಖಕ’ ಎಂಬ ಗುಣಕ್ಕೆ ಬೆಲೆಯಾಗಿ ಆ ವ್ಯಕ್ತಿಯ ಪುಟವೇ ಬರಬೇಕು. ವ್ಯಕ್ತಿ ಯಾರೆಂದು ಇನ್ನೂ ಗುರುತಿಸಲಾಗದಿದ್ದರೆ ‘ಲೇಖಕರ ಹೆಸರಿನ ಅಕ್ಷರಗಳು’ ಎಂಬ ಬೇರೆಯದೇ ಗುಣವಿದೆ. ಇನ್ನೂ ಒಳ್ಳೆಯ ಸಂಗತಿಯೆಂದರೆ, ಬೆಲೆಯ ಜಾಗದಲ್ಲಿ ‘ಬೆಲೆ ಇದೆ, ಆದರೆ ತಿಳಿದಿಲ್ಲ’ ಎಂದೋ ‘ಬೆಲೆಯೇ ಇಲ್ಲ’ ಎಂದೋ ದಾಖಲಿಸಬಹುದು. ಎರಡೂ ಬೇರೆ ಬೇರೆ ಮಾತು. ಯಾರೋ ಒಬ್ಬ ಅನಾಮಧೇಯ ಲಿಪಿಕಾರನಿಗೆ ಹೆಸರು ಇದ್ದೇ ಇತ್ತು, ನಮಗೆ ತಿಳಿಯದು. ಮಕ್ಕಳಿಲ್ಲದ ರಾಜನಿಗೆ ಉತ್ತರಾಧಿಕಾರಿ ಮಗ ಎಂಬ ಖಾನೆ ಖಾಲಿಯಾದದ್ದು ಅಜ್ಞಾನದಿಂದಲ್ಲ. ಬ್ರೆಜಿಲ್‌ನ ಆ ಗುಮಾಸ್ತರಿಗೆ ಇಂಥದೊಂದು ಸೌಕರ್ಯ ಇದ್ದಿದ್ದರೆ 1899ರ ಮೊರೆ ಹೋಗಬೇಕಾಗಿರಲಿಲ್ಲ.

ಮಾದರಿ ಎಷ್ಟೇ ಚೆನ್ನಾಗಿದ್ದರೂ ಸುಳ್ಳನ್ನು ತಡೆಯಲಾರದು. ಜನ ಸುಳ್ಳು ಹೇಳುತ್ತಾರೆ, ಸೋಮಾರಿಗಳು, ತಮ್ಮನ್ನೇ ಸರಿಯಾಗಿ ಅರಿಯದವರು, ಹೀಗಿರುವಾಗ ನಂಬಬಹುದಾದ ಮೆಟಾಡೇಟಾ ಎಂಬುದೇ ಹಗಲುಗನಸು ಎಂದು ಲೇಖಕ ಕೋರಿ ಡಾಕ್ಟೊರೊ 2001ರಲ್ಲೇ ಗೇಲಿ ಮಾಡಿದ್ದರು. ಬಿಡಿಬಿಡಿಯಾಗಿ ಅವರ ಆಕ್ಷೇಪಗಳೆಲ್ಲ ಸರಿ. ಆದರೆ ಸುಳ್ಳೆಂದು ಹಿಡಿಯಬೇಕಾದರೂ ಆ ಮಾತು ಯಾವುದರ ಬಗ್ಗೆ ಹೇಳಿದ್ದು ಎಂದು ಮೊದಲು ಗೊತ್ತಾಗಬೇಕಲ್ಲ.

ಇದನ್ನೆಲ್ಲ ಕಣ್ಣಾರೆ ನೋಡುವ ಆಸೆಯಿದ್ದರೆ ದೂರ ಹೋಗಬೇಕಿಲ್ಲ. ಬೀಗ ಹಾಕದ ಯಾವುದಾದರೂ ಇಪಬ್ ಇ-ಪುಸ್ತಕದ ನಕಲು ಮಾಡಿಕೊಂಡು, ಕಡತದ ಹೆಸರಿನ ಕೊನೆಯಲ್ಲಿರುವ ‘ಇಪಬ್’ ಅನ್ನು ‘ಜಿಪ್’ ಎಂದು ಬದಲಿಸಿ ಬಿಚ್ಚಿ. ಒಳಗೆ ‘ಒಪಿಎಫ್’ ಎಂದು ಕೊನೆಗೊಳ್ಳುವ ಕಡತವೊಂದಿರುತ್ತದೆ, ಸಾದಾ ಪಠ್ಯ ತೆರೆಯುವ ಯಾವ ತಂತ್ರಾಂಶದಲ್ಲೂ ಓದಬಹುದು. ಡಬ್ಲಿನ್ ಕೋರ್‌ನ ಅಂಶಗಳು ಅಲ್ಲಿ ಸಾಲಾಗಿ ಕೂತಿವೆ. ಗುರುತು, ಶೀರ್ಷಿಕೆ, ಭಾಷೆ, ಈ ಮೂರು ಇಲ್ಲಿ ಕಡ್ಡಾಯ, ಕನ್ನಡವಾದರೆ ಭಾಷೆಯ ಜಾಗದಲ್ಲಿ ‘ಕೆಎನ್’ ಎಂಬ ಎರಡಕ್ಷರದ ಸಂಕೇತ. ಅನುವಾದಕರ ಹೆಸರಿದ್ದರೆ, ಆ ಹೆಸರಿನ ಕಡೆಗೇ ಕೊಂಡಿ ಹಾಕಿಕೊಂಡ ಇನ್ನೊಂದು ಸಾಲು ‘ಇವರ ಪಾತ್ರ ಅನುವಾದಕ’ ಎನ್ನುವುದೂ ಉಂಟು. ಹೇಳಿಕೆಯ ಬಗ್ಗೆಯೇ ಒಂದು ಹೇಳಿಕೆ. ದಿನಾಂಕದ ಅಂಶ ಒಂದಕ್ಕಿಂತ ಹೆಚ್ಚು ಇರುವಂತಿಲ್ಲ, ಇದ್ದರೆ ಅದು ಆ ಇ-ಪುಸ್ತಕ ಪ್ರಕಟವಾದ ದಿನವೇ ಆಗಿರಬೇಕೆಂದು ಇಪಬ್‌ನ ಈಗಿನ ನಿಯಮ. ‘ಸಂಸ್ಕಾರ’ದ ಇ-ಪುಸ್ತಕ ಮಾಡುವವರು 1965ನ್ನು ಅಲ್ಲಿ ತುಂಬುವಂತಿಲ್ಲ, ಅದಕ್ಕೆ ಬೇರೆ ಸಾಲು ಹುಡುಕಬೇಕು.