ಮಗಳ ಮೌನಕ್ಕೆ ಕಿವಿಗೊಡಿ

ರಾತ್ರಿ ಬಾಗಿಲಿಗೆ ಚಿಲಕ ಹಾಕಿ, ಮಕ್ಕಳೆಲ್ಲ ಮನೆಯೊಳಗಿದ್ದಾರೆಂದು ನಾವು ನೆಮ್ಮದಿಯಿಂದ ಮಲಗುತ್ತೇವೆ. ಆದರೆ ಸಹೋದರಿಯರೇ, ಮಗಳ ಕೈಯಲ್ಲಿರುವ ಮೊಬೈಲಿಗೆ ಚಿಲಕವಿಲ್ಲ. ಅಪರಿಚಿತನೊಬ್ಬ ಹೊಸ್ತಿಲು ದಾಟದೆಯೇ ಅವಳ ಕೋಣೆ ಸೇರಬಲ್ಲ.

ಅವನು ಶತ್ರುವಿನಂತೆ ಬರುವುದಿಲ್ಲ. ಮೊದಲು ಹೊಗಳುತ್ತಾನೆ. ಮನೆಯವರ ಬಗ್ಗೆ ಅವಳಿಗಿರುವ ಬೇಸರವನ್ನು ತಾಳ್ಮೆಯಿಂದ ಆಲಿಸುತ್ತಾನೆ. 'ಉಮ್ಮನಿಗೆ ಹೇಳಬೇಡ' ಎನ್ನುತ್ತಾನೆ. ಆಮೇಲೆ ಒಂದು ಫೋಟೋ ಕೇಳುತ್ತಾನೆ. ಅದು ಕೈಸೇರಿದೊಡನೆ ಸ್ನೇಹ ಮುಗಿದು ಬೆದರಿಕೆ ಶುರುವಾಗುತ್ತದೆ. ಕೆಲವರು ಭೇಟಿಗೆ ಕರೆದು ಅತ್ಯಾಚಾರವನ್ನೂ ಎಸಗುತ್ತಾರೆ.

ಕೆನಡಾದ ಬಾಲಕಿ ಅಮಾಂಡಾ ಟಾಡ್‌ಳನ್ನು ಒಬ್ಬಾತ ಒಂದೇ ಒಂದು ಚಿತ್ರ ಹಿಡಿದು ವರ್ಷಗಟ್ಟಲೆ ಕಾಡಿದ. ಅವಳು ಶಾಲೆ ಬದಲಿಸಿದರೂ ಬಿಡಲಿಲ್ಲ. ಸಹಪಾಠಿಗಳು ಅವಳನ್ನೇ ಹಂಗಿಸಿದರು. 2012ರ ಅಕ್ಟೋಬರಿನಲ್ಲಿ, ಹದಿನೈದನೇ ವಯಸ್ಸಿನಲ್ಲಿ ಅವಳು ಜೀವ ಕಳೆದುಕೊಂಡಳು. ಸಾಗರದಾಚೆಯ ನೆದರ್ಲ್ಯಾಂಡ್ಸ್‌ನಲ್ಲಿ ಕುಳಿತು ನಕಲಿ ಹೆಸರುಗಳಿಂದ ಕಾಡಿದ್ದ ಆ ಅಪರಾಧಿಗೆ 2022ರಲ್ಲಿ ಕೆನಡಾದ ನ್ಯಾಯಾಲಯ 13 ವರ್ಷಗಳ ಶಿಕ್ಷೆ ವಿಧಿಸಿತು.

ಕಾಣದ ಗಾಯ

ದೌರ್ಜನ್ಯದ ಗಾಯ ಮೈಮೇಲೆ ಮಾಸಿದರೂ ಮನಸ್ಸಿನಲ್ಲಿ ಉಳಿಯುತ್ತದೆ. ನಿದ್ದೆಯಲ್ಲಿ ಬೆಚ್ಚಿ ಬೀಳುವುದು, ಒಂದು ವಾಸನೆ ಅಥವಾ ಸದ್ದಿಗೆ ಆ ಘಟನೆ ಮತ್ತೆ ನಡೆದಂತಾಗುವುದು, ಊಟ ಓದು ಬೇಡವಾಗುವುದು, ತನ್ನ ದೇಹದ ಮೇಲೆಯೇ ಅಸಹ್ಯವಾಗುವುದು ವರ್ಷಗಳ ಕಾಲ ಕಾಡಬಹುದು. 'ಯಾಕೆ ಕೂಗಲಿಲ್ಲ?' ಎಂದು ಕೇಳಬೇಡಿ. ಅತಿಯಾದ ಭಯದಲ್ಲಿ ದೇಹ ಮರಗಟ್ಟುತ್ತದೆ, ಧ್ವನಿ ಹೊರಡುವುದಿಲ್ಲ. ಅದು ಒಪ್ಪಿಗೆಯಲ್ಲ.

ನಮ್ಮ ದೀನ್ ಏನು ಕಲಿಸುತ್ತದೆ? ಪ್ರವಾದಿಯವರ(ಸ) ಕಾಲದಲ್ಲಿ ನಮಾಝಿಗೆ ಹೊರಟಿದ್ದ ಮಹಿಳೆಯೊಬ್ಬರ ಮೇಲೆ ಅತ್ಯಾಚಾರವಾದ ಘಟನೆ ಅಬೂದಾವೂದ್ ಮತ್ತು ತಿರ್ಮಿದಿ ಹದೀಸ್ ಗ್ರಂಥಗಳಲ್ಲಿದೆ. ಪ್ರವಾದಿಯವರು(ಸ) ಆಕೆಯ ಮೇಲೆ ಯಾವ ದೋಷವನ್ನೂ ಹೊರಿಸಲಿಲ್ಲ. ಬಲಾತ್ಕಾರಕ್ಕೊಳಗಾದವಳ ಮೇಲೆ ಪಾಪವಿಲ್ಲವೆಂದು ಫಿಕ್‌ಹ್ ಹೇಳುತ್ತದೆ. ಹಾಗಿರುವಾಗ 'ಮರ್ಯಾದೆ ಹೋಯಿತು' ಎಂದು ಮಗಳನ್ನೇ ಶಿಕ್ಷಿಸಲು ನಾವು ಯಾರು? ಮರ್ಯಾದೆ ಹೋಗಬೇಕಾದದ್ದು ಅಪರಾಧಿಯದು.

ಆದ್ದರಿಂದ ಅವಳು ಬಾಯಿ ಬಿಟ್ಟಾಗ ಹೊಡೆಯಬೇಡಿ. ಅವಸರದಲ್ಲಿ ಮದುವೆ ಮಾಡಿ ಮುಗಿಸಲು ಹೊರಡಬೇಡಿ. ಗಾಯ ಗಂಡನ ಮನೆಗೂ ಜೊತೆಯಲ್ಲೇ ಹೋಗುತ್ತದೆ. 'ನಾನು ನಂಬುತ್ತೇನೆ, ತಪ್ಪು ನಿನ್ನದಲ್ಲ' ಎನ್ನಿ. ಬೆದರಿಸುವವನಿಗೆ ಹಣವನ್ನಾಗಲಿ ಇನ್ನೊಂದು ಫೋಟೋವನ್ನಾಗಲಿ ಕೊಡಬೇಡಿ. ಸಂದೇಶಗಳನ್ನು ಅಳಿಸಬೇಡಿ, ಅವು ಸಾಕ್ಷ್ಯ. ದೌರ್ಜನ್ಯವಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರಕಾರಿಯಾಗಲಿ ಖಾಸಗಿಯಾಗಲಿ, ಅಲ್ಲಿ ಪ್ರಥಮ ಚಿಕಿತ್ಸೆ ಉಚಿತವಾಗಿ ಸಿಗಲೇಬೇಕು.

2012ರ ಪೋಕ್ಸೋ ಕಾನೂನಿನಂತೆ 18 ತುಂಬದವರೆಲ್ಲರೂ ಮಕ್ಕಳು. ಬಾಲಕಿಯ ಹೇಳಿಕೆಯನ್ನು ಮನೆಯಲ್ಲೇ ದಾಖಲಿಸಲು ಅವಕಾಶವಿದೆ, ಆಗ ಪೊಲೀಸರು ಸಮವಸ್ತ್ರದಲ್ಲಿರಬಾರದು. ಪತ್ರಿಕೆಗಳು ಅವಳ ಹೆಸರು, ಗುರುತು ಪ್ರಕಟಿಸುವಂತಿಲ್ಲ. ಮಕ್ಕಳ ಸಹಾಯವಾಣಿ 1098. ಮನಸ್ಸಿನ ನೋವಿಗೆ ಟೆಲಿ-ಮಾನಸ್ 14416. ದುಆದ ಜೊತೆಗೆ ಮನೋವೈದ್ಯರ ಚಿಕಿತ್ಸೆಯೂ ಬೇಕು, ಅದು ತವಕ್ಕುಲ್‌ಗೆ ವಿರುದ್ಧವಲ್ಲ.

ಇಂದೇ ಮಗಳ ಪಕ್ಕದಲ್ಲಿ ಕುಳಿತು ಮಾತಾಡಿ. ಏನೇ ಆದರೂ ಮೊದಲು ಉಮ್ಮನಿಗೆ ಹೇಳಬಹುದೆಂಬ ಧೈರ್ಯ ಅವಳಲ್ಲಿದ್ದರೆ, ಅಪರಿಚಿತನ ಗುಟ್ಟಿಗೆ ಬಲವಿರುವುದಿಲ್ಲ. ಅಲ್ಲಾಹನು ನಮ್ಮ ಮಕ್ಕಳನ್ನು ಕಾಪಾಡಲಿ. ಆಮೀನ್.